ತೋಳವನ್ನು ಕರೆಯುವುದು ಬೇಡ, ಕರುವಿಗೆ ಬಾಗಿಲು ಮಾಡಿ

ಹಾಲು ಉತ್ಪಾದಕ ತಾಯಂದಿರೇ, ಅಕ್ಕ-ತಂಗಿಯರೇ,

ಈ ಸಲ ಮೇವು, ಕೆಚ್ಚಲು ಬಾವು, ಜಂತುಹುಳದ ಔಷಧಿ ಬದಿಗಿಟ್ಟು ರಾತ್ರಿಯ ಮಾತು ಬರೆಯುತ್ತಿದ್ದೇನೆ. ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಿಂದಲೂ ರಾಯಚೂರು ನಗರದ ಅಂಚಿನ ಓಣಿಗಳಿಂದಲೂ "ರಾತ್ರಿ ಕರ ಹೋತ್ರಿ ಡಾಕ್ಟ್ರೇ" ಎನ್ನುವ ದೂರು ಪಶು ಆಸ್ಪತ್ರೆಗೆ ಬರುತ್ತಲೇ ಇರುತ್ತದೆ. ಒಬ್ಬರು ತೋಳ ಎನ್ನುತ್ತಾರೆ, ಇನ್ನೊಬ್ಬರು ಚಿರತೆ ಎನ್ನುತ್ತಾರೆ, ಮತ್ತೊಬ್ಬರು ನಾಯಿ ಹಿಂಡು ಎನ್ನುತ್ತಾರೆ. ಯಾವುದೇ ಆಗಲಿ, ಹೆಣ್ಣು ಕರು ಹೋದ ಮನೆಯಲ್ಲಿ ಎರಡೂವರೆ ಮೂರು ವರ್ಷದ ಮೇಲೆ ಬರಬೇಕಿದ್ದ ಹಾಲೂ ಹೋಯಿತು.

ಈಗ ಇದಕ್ಕೆ ಹೊಸದೊಂದು ಮದ್ದು ಹುಡುಗರ ಮೊಬೈಲಿನಲ್ಲಿ ಓಡಾಡುತ್ತಿದೆ. ಹೊರದೇಶದ ವಿಡಿಯೊ ಅದು. ಬಂದೂಕು ಹಿಡಿದವನೊಬ್ಬ ಕತ್ತಲಲ್ಲಿ ಕುಳಿತು, ಗಾಯಗೊಂಡ ಮೊಲ ಚೀರುವ ಸದ್ದನ್ನು ಸ್ಪೀಕರಿನಲ್ಲಿ ಹಾಕುತ್ತಾನೆ. ಕೆಂಪು ದೀಪ ತಿರುಗಿಸುತ್ತಾನೆ. ದೂರದಲ್ಲಿ ಎರಡು ಕಣ್ಣು ಹೊಳೆಯುತ್ತವೆ. ಸಿಕ್ಕಿತು ಎಂದು ಊಟ ಹುಡುಕಿಕೊಂಡು ಬಂದ ಪ್ರಾಣಿ ಗುಂಡಿಗೆ ಬೀಳುತ್ತದೆ. "ನಾವೂ ಹಿಂಗ ಕೂಗು ಹಾಕಿ ತೋಳ ಹೊಡೆದರೆ ಆಗಂಗಿಲ್ಲೇನು?" ಎಂದು ಕೇಳುವ ತಮ್ಮಂದಿರು, ಮಕ್ಕಳು ನಿಮ್ಮ ಮನೆಯಲ್ಲೂ ಇರಬಹುದು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಅದು ಆಗದು, ಆಗಲೂಬಾರದು. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಸ್ಪೀಕರು ಇಲ್ಲದೆಯೇ ನಾವು ಪ್ರತಿ ರಾತ್ರಿ ಈ ಪ್ರಾಣಿಗಳನ್ನು ಕರೆಯುತ್ತಿದ್ದೇವೆ. ಆ ಕರೆಯನ್ನು ನಿಲ್ಲಿಸುವ ಕೆಲಸ ಬಂದೂಕಿನಿಂದ ಆಗುವುದಿಲ್ಲ, ಕೊಟ್ಟಿಗೆಯಲ್ಲಿ ಆಗಬೇಕು. ಅದು ನಿಮ್ಮ ಕೈಯಲ್ಲಿದೆ.

ಆ ವಿಡಿಯೊ ನಮ್ಮ ನೆಲದ್ದಲ್ಲ

ಅಮೆರಿಕದ ಹಲವು ಕಡೆ ಕೊಯೋಟೆ ಎನ್ನುವ, ನಮ್ಮ ನರಿ-ತೋಳಗಳ ಜಾತಿಯ ಪ್ರಾಣಿಯನ್ನು ಹೀಗೆ ಬೇಟೆಯಾಡಲು ಅಲ್ಲಿನ ಕಾನೂನು ಬಿಡುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಈ ಕಾಯ್ದೆಯಲ್ಲಿ ಬೇಟೆ ಎಂದರೆ ಗುಂಡು ಹೊಡೆದು ಕೊಲ್ಲುವುದು ಮಾತ್ರವಲ್ಲ. ವಿಷ ಇಡುವುದು, ಉರುಳು ಹಾಕುವುದು, ಬೆನ್ನಟ್ಟುವುದು, ಆಸೆ ತೋರಿಸಿ ಕರೆಸುವುದು, ಕೊನೆಗೆ ಕೊಲ್ಲಲು ಪ್ರಯತ್ನಪಡುವುದು ಕೂಡ ಬೇಟೆಯೇ. ಅಂದರೆ ಸ್ಪೀಕರು ಹಿಡಿದು ಹೋಗಿ ಬರಿಗೈಯಲ್ಲಿ ವಾಪಸು ಬಂದವನ ಮೇಲೂ ಪ್ರಕರಣ ಆಗಬಹುದು.

ಚಿರತೆ ಮತ್ತು ತೋಳ ಈ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. ಅವನ್ನು ಕೊಂದವರಿಗೆ ಕನಿಷ್ಠ 3 ವರ್ಷದಿಂದ 7 ವರ್ಷದವರೆಗೆ ಜೈಲು. 2022ರ ತಿದ್ದುಪಡಿಯ ನಂತರ ಕನಿಷ್ಠ 25,000 ರೂಪಾಯಿ ದಂಡ. ಮನುಷ್ಯನ ಜೀವ ಉಳಿಸಿಕೊಳ್ಳಲು ಬೇರೆ ದಾರಿಯಿಲ್ಲದೆ ಪ್ರಾಣಿಗೆ ಏಟು ಬಿದ್ದರೆ ಕಾಯ್ದೆ ಅದನ್ನು ಅಪರಾಧ ಎನ್ನುವುದಿಲ್ಲ. ಆದರೆ "ನನ್ನ ಕರು ಉಳಿಸಲು ಕೊಂದೆ" ಎನ್ನುವುದಕ್ಕೆ ಆ ವಿನಾಯಿತಿ ಸಿಗುವುದಿಲ್ಲ.

ಅಕ್ಕಾ, ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕಿ. ಬೇಟೆಗೆ ಹೋಗುವವನು ಮನೆಯ ಗಂಡಸು ಅಥವಾ ಬೆಳೆದ ಮಗ. ಅವನು ಜೈಲಿಗೆ ಹೋದರೆ ಕೋರ್ಟಿಗೆ ತಿರುಗಾಡುವವರು ನೀವು. ವಕೀಲರಿಗೆ ಕೊಡಲು ಆಕಳು ಮಾರುವವರು ನೀವು. ಸಂಘದ ಸಾಲ ಕಟ್ಟುವವರೂ ನೀವೇ. ಒಂದು ಕರು ಹೋಯಿತೆಂದು ಮನೆಯನ್ನೇ ಒತ್ತೆ ಇಡುವ ವ್ಯವಹಾರ ಇದು.

ಇನ್ನು ಕಾನೂನು ಇಲ್ಲ ಎಂದೇ ಇಟ್ಟುಕೊಳ್ಳಿ, ಆಗಲೂ ಇದು ಫಲ ಕೊಡುವ ಕೆಲಸವಲ್ಲ. ಒಂದು ಚಿರತೆ ಸತ್ತರೆ ಅದು ಓಡಾಡುತ್ತಿದ್ದ ಜಾಗ ಖಾಲಿಯಾಗುತ್ತದೆ, ಖಾಲಿ ಜಾಗಕ್ಕೆ ಇನ್ನೊಂದು ಬರುತ್ತದೆ. ಗುರಿ ತಪ್ಪಿ ಗಾಯಗೊಂಡ ಪ್ರಾಣಿ ಓಡಿ ಬೇಟೆಯಾಡಲಾರದೆ ಸುಲಭದ ಆಹಾರ ಹುಡುಕಿ ಊರಿಗೇ ಹತ್ತಿರವಾಗುತ್ತದೆ. ಅದಲ್ಲದೆ ಮೊಲದ ಚೀರು ಹಾಕಿ ದೂರದ ಗುಡ್ಡದಲ್ಲಿದ್ದ ತೋಳವನ್ನು ಊರಂಚಿಗೆ ಕರೆತಂದು, ಅದು ಕೈಗೆ ಸಿಗದೆ ಹೋದರೆ, ಅದರ ಮುಂದಿನ ದಾರಿ ಯಾರ ಕೊಟ್ಟಿಗೆಗೆ?

ವಿಷ ಮತ್ತು ಕರೆಂಟಿನ ಮಾತು ಇನ್ನೂ ಕೆಟ್ಟದ್ದು. ಸತ್ತ ಕರುವಿಗೆ ಹತ್ತಿ ಹೊಲದ ಎಣ್ಣೆ ಸುರಿದಿಟ್ಟರೆ ತೋಳ ಬರುವ ಮೊದಲು ಊರ ನಾಯಿ, ಹದ್ದು, ಕಾಗೆ ಸಾಯುತ್ತವೆ. ಮೈಮರೆತ ಮಗುವಿನ ಕೈಗೂ ಅದು ಹತ್ತಬಹುದು. ಬೇಲಿ ತಂತಿಗೆ ಕರೆಂಟು ಕೊಟ್ಟರೆ ಬೆಳಗಿನ ಜಾವ ಅದಕ್ಕೆ ಸಿಗುವುದು ನಿಮ್ಮದೇ ಎಮ್ಮೆ ಅಥವಾ ಪಕ್ಕದ ಮನೆಯವರು. ಹಂದಿಗೆಂದು ಇಟ್ಟ ಸಿಡಿಮದ್ದು ಕಚ್ಚಿ ದವಡೆ ಒಡೆದುಕೊಂಡ ಆಕಳನ್ನು ಒಮ್ಮೆ ನೋಡಿದವರು ಈ ದಾರಿಯ ಹೆಸರೆತ್ತುವುದಿಲ್ಲ. ಅಂಥ ಆಕಳು ಮೇವು ಮುಂದೆ ಇದ್ದೂ ಹಸಿದು ಸಾಯುತ್ತದೆ.

ಕೂಗು ಹಾಕುತ್ತಿರುವವರು ನಾವೇ

ಆ ವಿಡಿಯೊದಲ್ಲಿ ಒಂದು ಮಾತು ಮಾತ್ರ ನಿಜ. ಬೇಟೆಯಾಡುವ ಪ್ರಾಣಿ ಕಿವಿ ಮತ್ತು ಮೂಗಿನಿಂದ ಬದುಕುತ್ತದೆ. ನಿಸ್ಸಹಾಯಕ ಮರಿಯ ಕೂಗು, ರಕ್ತದ ವಾಸನೆ, ಕೊಳೆತ ಮಾಂಸದ ವಾಸನೆ ಅದಕ್ಕೆ ಊಟದ ಗಂಟೆ ಇದ್ದಂತೆ. ಈಗ ನಮ್ಮ ಹಿತ್ತಲು ನೋಡೋಣ.

ಮೊದಲನೆಯದು ಕರುವಿನ ಕೂಗು. ಸಂಜೆ ಹಾಲು ಹಿಂಡಿ ಸಂಘಕ್ಕೆ ಹಾಕುವ ಅವಸರದಲ್ಲಿ ಕರುವಿಗೆ ಅರೆಹೊಟ್ಟೆ ಉಣಿಸುತ್ತೇವೆ. ತಾಯಿ ಒಳಗೆ, ಕರು ಹೊರಗೆ ಬೇವಿನ ಗಿಡದ ಬುಡದ ಗೂಟಕ್ಕೆ. ಹಸಿದ ಕರು ನಡುರಾತ್ರಿ ತಾಯಿಗಾಗಿ ಒದರುತ್ತದೆ. ಅರ್ಧ ಕಿಲೋಮೀಟರ್ ದೂರದ ಜಾಲಿ ಪೊದೆಯಲ್ಲಿರುವ ಪ್ರಾಣಿಗೆ ಇದಕ್ಕಿಂತ ಒಳ್ಳೆಯ ಸ್ಪೀಕರು ಬೇಡ. ಹೊಟ್ಟೆ ತುಂಬಿದ ಕರು ಮಲಗುತ್ತದೆ, ಹಸಿದ ಕರು ಕರೆಯುತ್ತದೆ. ಆದ್ದರಿಂದ ಹುಟ್ಟಿದ ಮೊದಲ ಗಂಟೆಯೊಳಗೆ ಗಿಣ್ಣದ ಹಾಲು ಕುಡಿಸಿ. ಮುಂದೆ ದಿನಕ್ಕೆ ಅದರ ತೂಕದ ಹತ್ತನೇ ಒಂದು ಭಾಗ ಹಾಲು ಸಿಗಲಿ. 25 ಕಿಲೋ ತೂಗುವ ಕರುವಿಗೆ ಎರಡೂವರೆ ಲೀಟರ್. ಅದರಲ್ಲಿ ಸಂಜೆಯ ಪಾಲನ್ನು ಕತ್ತರಿಸಬೇಡಿ. ತಾಯಿಗೆ ಕರು ಕಾಣುವಂತೆ, ಮೂಸುವಂತೆ ಪಕ್ಕದಲ್ಲೇ ಜಾಗ ಮಾಡಿ. ಇಬ್ಬರೂ ಸುಮ್ಮನಾಗುತ್ತಾರೆ.

ಎರಡನೆಯದು ಮಾಸು. ಆಕಳು ಈದ ಮೇಲೆ ಬಿದ್ದ ಮಾಸನ್ನು ತಿಪ್ಪೆಗೆ ಎಸೆಯುವುದು, ಹಾಲು ಬರುವ ಗಿಡಕ್ಕೆ ಗಂಟು ಕಟ್ಟಿ ನೇತುಹಾಕುವುದು ನಮ್ಮಲ್ಲಿ ರೂಢಿ. ನಂಬಿಕೆಗೆ ನಾನು ಅಡ್ಡಿ ಹೇಳುವುದಿಲ್ಲ, ಆದರೆ ಆ ವಾಸನೆ ಹಿಡಿದು ನಾಯಿ ಹಿಂಡು ಬರುತ್ತದೆ. ಒಮ್ಮೆ ರುಚಿ ಕಂಡ ನಾಯಿ ಮುಂದಿನ ಸಲ ಹುಟ್ಟಿದ ಕರುವಿಗೇ ಬಾಯಿ ಹಾಕುತ್ತದೆ. ಮೂರು ಅಡಿ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿ, ಮೇಲೆ ಕಲ್ಲು ಹೇರಿ. ಬರಿಗೈಯಿಂದ ಮುಟ್ಟಬೇಡಿ, ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಕಟ್ಟಿಕೊಳ್ಳಿ. ಕಂದುರೋಗ, ಅಂದರೆ ಬ್ರುಸೆಲ್ಲಾ, ಮಾಸಿನಿಂದ ಮನುಷ್ಯರಿಗೂ ಅಂಟುತ್ತದೆ. ಬಸುರಿ ಹೆಣ್ಣುಮಕ್ಕಳು ಈ ಕೆಲಸಕ್ಕೆ ಹೋಗಲೇಬಾರದು.

ಮೂರನೆಯದು ಸತ್ತ ದನ. ಊರ ಹೊರಗಿನ ಹಳ್ಳದಲ್ಲಿ, ಕಾಲುವೆ ದಂಡೆಯಲ್ಲಿ ಎಳೆದು ಹಾಕಿದ ಹೆಣ ಎಷ್ಟೋ ದಿನ ಪ್ರಾಣಿಗಳಿಗೆ ಅನ್ನಛತ್ರ. ಅದು ಮುಗಿದ ದಿನ ಅವು ಹಸಿದು ಊರ ಕಡೆ ನೋಡುತ್ತವೆ. ಕೋಳಿ ಅಂಗಡಿಯ ಕಸ, ಕಸಾಯಿಖಾನೆಯ ಕಸ ಸುರಿಯುವ ಜಾಗಗಳದೂ ಇದೇ ಕಥೆ. ರಾಯಚೂರು ನಗರದ ಅಂಚಿನಲ್ಲಿ ಎಮ್ಮೆ ಸಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆರಡಿ ಗುಂಡಿ, ಸುಣ್ಣ, ಮಣ್ಣು: ಇದು ಒಂದು ಮನೆಗೆ ಭಾರ, ಗ್ರಾಮ ಪಂಚಾಯಿತಿ ಜಾಗ ಕೊಟ್ಟರೆ ಹಗುರ.

ನಾಲ್ಕನೆಯದು ಬಳ್ಳಾರಿ ಜಾಲಿ. ಕೊಟ್ಟಿಗೆಯ ಬೆನ್ನಿಗೇ ಜಾಲಿ ಬೆಳೆದಿದ್ದರೆ ಪ್ರಾಣಿಗೆ ಮರೆ ಸಿಕ್ಕಂತೆ. ಬಯಲು ದಾಟಿ ಬರಲು ಅದು ಹೆದರುತ್ತದೆ, ಪೊದೆಯಿಂದ ಪೊದೆಗೆ ಬರಲು ಹೆದರುವುದಿಲ್ಲ. ಕೊಟ್ಟಿಗೆ ಸುತ್ತ ಮೂವತ್ತು ಅಡಿ ಬಯಲಾಗಲಿ. ಕಡಿದ ಜಾಲಿ ಒಲೆಗೂ ಆಯಿತು, ಮುಳ್ಳು ಬೇಲಿಗೂ ಆಯಿತು.

ಬಂದದ್ದು ಯಾರೆಂದು ಮೊದಲು ತಿಳಿಯಿರಿ

ನಮ್ಮ ಜಿಲ್ಲೆ ಕೃಷ್ಣೆ-ತುಂಗಭದ್ರೆಯರ ನಡುವಿನ ಎಡೆದೊರೆ ನಾಡು. ಬಂಡೆಗಲ್ಲಿನ ಗುಡ್ಡಗಳು, ಕುರುಚಲು, ಕಾಲುವೆ ಬಂದ ಮೇಲೆ ದಟ್ಟವಾದ ಬೆಳೆ: ಇವೆಲ್ಲ ಚಿರತೆ, ತೋಳ, ನರಿ, ಕತ್ತೆಕಿರುಬಗಳಿಗೆ ಮೊದಲಿನಿಂದಲೂ ಮನೆ. ನಮ್ಮ ಒಕ್ಕೂಟದ ವ್ಯಾಪ್ತಿಯಲ್ಲೇ ಇರುವ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ಸರ್ಕಾರ ತೋಳಗಳಿಗಾಗಿಯೇ ಧಾಮ ಮಾಡಿದೆ. ತೋಳ-ನರಿಗಳು ನಮ್ಮ ಹೊಲದ ಇಲಿ, ಹೆಗ್ಗಣಗಳನ್ನು ತಿನ್ನುತ್ತವೆ ಎನ್ನುವುದೂ ನೆನಪಿರಲಿ. ಭತ್ತ, ಜೋಳ ಬೆಳೆಯುವವರಿಗೆ ಅದು ಸಣ್ಣ ಉಪಕಾರವಲ್ಲ. ನರಿಗೆ ಕೊಂಬು ಇರುತ್ತದೆ, ಅದನ್ನು ಇಟ್ಟರೆ ಅದೃಷ್ಟ ಎಂದು ಮಾರಲು ಬಂದವರನ್ನು ಬಾಗಿಲಿನಿಂದಲೇ ಕಳಿಸಿ. ನರಿಗೆ ಕೊಂಬು ಇರುವುದಿಲ್ಲ.

ಎಲ್ಲವನ್ನೂ ತೋಳದ ತಲೆಗೆ ಕಟ್ಟುವುದು ಸುಲಭ. ಆದರೆ ಕರುವಿನ ಮೈಮೇಲಿನ ಗಾಯ ಬೇರೆ ಕಥೆ ಹೇಳುತ್ತದೆ. ಬೀದಿನಾಯಿಗಳು ಹಿಂದಿನಿಂದ ಬರುತ್ತವೆ. ಹಿಂಗಾಲು, ಬಾಲ, ಕಿವಿ, ಹೊಟ್ಟೆಗೆ ಕಂಡಲ್ಲೆಲ್ಲ ಕಚ್ಚಿ ಹರಿದಿರುತ್ತವೆ, ಕೊಂದು ತಿನ್ನದೆ ಬಿಟ್ಟು ಹೋಗುವುದೂ ಉಂಟು. ಚಿರತೆ ಗಂಟಲಿಗೆ ಬಾಯಿ ಹಾಕುತ್ತದೆ. ಅಲ್ಲಿ ಕೋರೆಹಲ್ಲಿನ ಆಳವಾದ ತೂತುಗಳು ಕಾಣುತ್ತವೆ, ಕರುವನ್ನು ಮರೆಗೆ ಎಳೆದೊಯ್ದ ಗುರುತು ನೆಲದ ಮೇಲಿರುತ್ತದೆ. ತೋಳಕ್ಕೆ ಕುರಿಮರಿ, ಮೇಕೆ, ಸಣ್ಣ ಕರುಗಳೇ ಗುರಿ, ಸಾಧ್ಯವಾದರೆ ಹೊತ್ತೊಯ್ಯುತ್ತದೆ. ಕತ್ತೆಕಿರುಬ ಹೆಚ್ಚಾಗಿ ಸತ್ತದ್ದನ್ನೇ ತಿನ್ನುವುದು, ಎಲುಬನ್ನೂ ಪುಡಿ ಮಾಡಿ ತಿನ್ನುತ್ತದೆ.

ಹೆಜ್ಜೆ ನೋಡುವುದೂ ಕಷ್ಟವಲ್ಲ. ನಾಯಿ, ನರಿ, ತೋಳದ ಹೆಜ್ಜೆಯಲ್ಲಿ ಬೆರಳ ಮುಂದೆ ಉಗುರಿನ ಗುರುತು ಮೂಡುತ್ತದೆ. ಚಿರತೆ ನಡೆಯುವಾಗ ಬೆಕ್ಕಿನಂತೆ ಉಗುರನ್ನು ಒಳಗೆಳೆದುಕೊಳ್ಳುತ್ತದೆ, ಹೆಜ್ಜೆ ದುಂಡಗೆ, ಉಗುರಿಲ್ಲದೆ ಇರುತ್ತದೆ.

ಇದನ್ನು ತಿಳಿಯುವುದು ಏಕೆಂದರೆ, ಕಾಡುಪ್ರಾಣಿ ಆದರೆ ಅರಣ್ಯ ಇಲಾಖೆಗೆ ಹೋಗಬೇಕು, ಬೀದಿನಾಯಿ ಆದರೆ ಗ್ರಾಮ ಪಂಚಾಯಿತಿಯನ್ನು ಹಿಡಿಯಬೇಕು. ನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಮಾಡಿಸುವುದು 2023ರ ನಿಯಮಗಳಂತೆ ಸ್ಥಳೀಯ ಸಂಸ್ಥೆಯ ಹೊಣೆ. ನಾಯಿ ಮಾಡಿದ ಕೆಲಸಕ್ಕೆ ತೋಳವನ್ನು ಹುಡುಕಿಕೊಂಡು ರಾತ್ರಿ ಗುಡ್ಡ ಹತ್ತಿದರೆ ನಾಳೆ ರಾತ್ರಿ ಅದೇ ನಾಯಿಗಳು ಮತ್ತೆ ಬರುತ್ತವೆ.

ಕರುವಿಗೊಂದು ಗೂಡು

ನಮ್ಮ ಕಡೆ ಹೊಲದಲ್ಲಿ ಕುರಿ ತರುಬುವ ಕುರುಬರನ್ನು ನೋಡಿ. ಬಯಲಲ್ಲಿ ಮಲಗುತ್ತಾರೆ, ಆದರೆ ಮರಿಗಳನ್ನು ಬಯಲಲ್ಲಿ ಬಿಡುವುದಿಲ್ಲ. ಬಲೆ ಕಟ್ಟಿ, ಸಣ್ಣ ಮರಿಗಳನ್ನು ಬುಟ್ಟಿಯಡಿ ಹಾಕಿ, ಸುತ್ತ ನಾಯಿ ಬಿಟ್ಟು ಮಲಗುತ್ತಾರೆ. ದೊಡ್ಡ ಆಕಳು, ಎಮ್ಮೆ ತನ್ನನ್ನು ತಾನು ಕಾಯ್ದುಕೊಳ್ಳಬಲ್ಲದು. ಆರು ತಿಂಗಳ ಒಳಗಿನ ಕರು ಮತ್ತು ಈಯುವ ದಿನ ಹತ್ತಿರವಾದ ಆಕಳು, ಇವೆರಡನ್ನು ಭದ್ರ ಮಾಡಿದರೆ ಮುಕ್ಕಾಲು ಚಿಂತೆ ಕಳೆಯಿತು.

ಎರಡು ಮೂರು ಸಣ್ಣ ಕರುಗಳಿಗೆ ಎಂಟಡಿ ಉದ್ದ, ಆರಡಿ ಅಗಲ, ಆರಡಿ ಎತ್ತರದ ಗೂಡು ಸಾಕು. ಮೂಲೆಗೆ ಕಲ್ಲುಕಂಬ ಅಥವಾ ಕಬ್ಬಿಣದ ಕೋನ. ಸುತ್ತ ಎರಡು ಅಂಗುಲ ಕಣ್ಣಿನ ವೆಲ್ಡ್ ಜಾಲರಿ. ಕೋಳಿಗೆ ಕಟ್ಟುವ ತೆಳು ಜಾಲರಿ ಬೇಡ, ನಾಯಿಯೇ ಅದನ್ನು ಹರಿಯುತ್ತದೆ. ಜಾಲರಿಯ ಕೆಳಗಿನ ಒಂದಡಿ ನೆಲದೊಳಗೆ ಹೋಗಲಿ ಅಥವಾ ಬುಡಕ್ಕೆ ಕಡಪ ಕಲ್ಲಿನ ಚಪ್ಪಡಿ ಒತ್ತಿ. ನಾಯಿ, ತೋಳ ಬುಡ ಕೆದರಿ ಒಳಗೆ ನುಗ್ಗುತ್ತವೆ. ಮೇಲೆ ಮುಚ್ಚಿಗೆ ಕಡ್ಡಾಯ. ಚಿರತೆಗೆ ಆರಡಿ ಗೋಡೆ ಲೆಕ್ಕಕ್ಕಿಲ್ಲ, ಮೇಲಿನಿಂದ ಇಳಿಯುತ್ತದೆ. ಬಾಗಿಲಿಗೆ ಹಗ್ಗ ಸುತ್ತುವುದು ಬೇಡ, ಅಗುಳಿ ಮತ್ತು ಸರಪಳಿ ಇರಲಿ.

ತಗಡಿನಿಂದ ನಾಲ್ಕೂ ಕಡೆ ಮುಚ್ಚಿಬಿಡೋಣ ಎನ್ನುವವರಿಗೆ ಒಂದು ಎಚ್ಚರಿಕೆ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಗಾಳಿಯಾಡದ ತಗಡಿನ ಡಬ್ಬಿಯಲ್ಲಿ ಕರು ತೋಳದಿಂದ ಉಳಿದು ಸೆಕೆಯಿಂದ, ನ್ಯುಮೋನಿಯಾದಿಂದ ಸಾಯುತ್ತದೆ. ಗೋಡೆ ಜಾಲರಿಯದೇ ಆಗಲಿ, ಮೇಲೆ ಜಾಲರಿಯ ಮೇಲೆ ಭತ್ತದ ಹುಲ್ಲು ಅಥವಾ ತಗಡು ಹಾಕಿ.

ಜಾಲರಿಗೂ ದುಡ್ಡಿಲ್ಲದಿದ್ದರೆ ಕರುವನ್ನು ಮನೆಯ ಪಡಸಾಲೆಯಲ್ಲಿ ಕಟ್ಟಿ. ನಮ್ಮ ಹಳೆಯ ಮನೆಗಳಲ್ಲಿ ದನ ಒಳಗೆ ಇರುತ್ತಿದ್ದದ್ದು ಸುಮ್ಮನೆ ಅಲ್ಲ. ಹೊಸ ಆರ್‌ಸಿಸಿ ಮನೆ ಕಟ್ಟುವಾಗ ದನವನ್ನು ಹೊರಗೆ ಹಾಕಿದೆವು, ಆದರೆ ಹೊರಗೆ ಬಾಗಿಲು ಕಟ್ಟುವುದನ್ನು ಮರೆತೆವು.

ದೀಪ ಹಚ್ಚಿದರೆ ಸಾಕೇ ಎಂದು ಹಲವರು ಕೇಳುತ್ತಾರೆ. ದೀಪ ಒಳ್ಳೆಯದು, ಆದರೆ ರಾತ್ರಿಯಿಡೀ ಒಂದೇ ರೀತಿ ಉರಿಯುವ ದೀಪಕ್ಕೆ ಪ್ರಾಣಿ ನಾಲ್ಕು ದಿನದಲ್ಲಿ ಹೊಂದಿಕೊಳ್ಳುತ್ತದೆ. ಹತ್ತಿರ ಬಂದಾಗ ತಟ್ಟನೆ ಹತ್ತುವ ಸೋಲಾರ್ ದೀಪ ಮೇಲು. ನಾಯಿ ಸಾಕುವುದೂ ಒಳ್ಳೆಯದು, ಅದಕ್ಕೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ. ಚಿರತೆ ಓಡಾಡುವ ಕಡೆ ನಾಯಿಯನ್ನು ರಾತ್ರಿ ಹೊರಗೆ ಕಟ್ಟಬೇಡಿ. ಚಿರತೆಗೆ ನಾಯಿ ಇಷ್ಟದ ಊಟ, ಅದಕ್ಕೆಂದೇ ಅದು ಅಂಗಳಕ್ಕೆ ಬರುತ್ತದೆ. ದೀಪ, ನಾಯಿ ಎರಡೂ ಸಹಾಯಕ್ಕೆ ಮಾತ್ರ, ಬಾಗಿಲಿನ ಬದಲಿಗೆ ಅಲ್ಲ.

ಕಚ್ಚಿಸಿಕೊಂಡ ಕರು ಬದುಕಿದ್ದರೆ

ಸತ್ತ ಕರುವಿಗಿಂತ ನನಗೆ ಹೆಚ್ಚು ಭಯ ತರುವುದು ಕಚ್ಚಿಸಿಕೊಂಡು ಬದುಕಿದ ಕರು. ನಾಯಿ, ನರಿ, ತೋಳ ಯಾವುದೇ ಕಚ್ಚಿರಲಿ, ಹುಚ್ಚುನಾಯಿ ರೋಗ ಬರಬಹುದು. ಲಕ್ಷಣ ಕಂಡ ಮೇಲೆ ಈ ರೋಗಕ್ಕೆ ಔಷಧಿಯೇ ಇಲ್ಲ, ದನಕ್ಕೂ ಇಲ್ಲ, ಮನುಷ್ಯರಿಗೂ ಇಲ್ಲ.

ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಗಾಯಕ್ಕೆ ಸೋಪು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ. ಆಮೇಲೆ ಅಯೋಡಿನ್ ಔಷಧಿ ಹಚ್ಚಿ. ಸುಣ್ಣ, ಅರಿಶಿಣ, ಖಾರಪುಡಿ ಬೇಡ. ಅಂದೇ ಪಶು ಆಸ್ಪತ್ರೆಗೆ ತಿಳಿಸಿ ಅಥವಾ 1962ಕ್ಕೆ ಕರೆ ಮಾಡಿ. ಮೊದಲ ಲಸಿಕೆ ಹಾಕಿದ ದಿನದಿಂದ ಲೆಕ್ಕ ಹಿಡಿದು 3, 7, 14 ಮತ್ತು 28ನೇ ದಿನ, ಒಟ್ಟು ಐದು ಲಸಿಕೆ. "ಮೂರು ಹಾಕಿಸಿದೀವಿ, ಕರು ಆರಾಮ ಐತಿ" ಎಂದು ಉಳಿದೆರಡನ್ನು ಬಿಡಬೇಡಿ. ರೋಗ ಕಾಣಿಸಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು.

ಆಕಳು ದನಿ ಒಡೆದು ಬಿಡದೆ ಒದರುತ್ತಿದ್ದರೆ, ಜೊಲ್ಲು ಸುರಿಸುತ್ತಿದ್ದರೆ, ನೀರು ಕುಡಿಯಲಾರದಿದ್ದರೆ, ಹಿಂಗಾಲು ಎಳೆಯುತ್ತಿದ್ದರೆ "ಗಂಟಲಲ್ಲಿ ಏನೋ ಸಿಕ್ಕಿದೆ" ಎಂದು ಬಾಯೊಳಗೆ ಕೈ ಹಾಕಬೇಡಿ. ದನದ ಜೊಲ್ಲಿನಲ್ಲಿ ರೋಗ ಇರುತ್ತದೆ. ಕೈಯಲ್ಲಿ ಸಣ್ಣ ಗೀರು ಇದ್ದರೂ ಸಾಕು. ಹಾಗೆ ಕೈ ಹಾಕಿದವರು, ಜೊಲ್ಲು ತಾಗಿದವರು ಸರ್ಕಾರಿ ಆಸ್ಪತ್ರೆಗೆ ಅಂದೇ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಲಕ್ಷಣ ಕಂಡ ಆಕಳ ಹಾಲನ್ನು ಸಂಘಕ್ಕೂ ಹಾಕಬಾರದು, ಮನೆಗೂ ಬಳಸಬಾರದು. ಕಚ್ಚಿಸಿಕೊಂಡ ಆಕಳ ಹಾಲು ಹಾಕಬಹುದೇ ಎಂಬುದನ್ನು ಡಾಕ್ಟರರನ್ನು ಕೇಳಿಯೇ ನಿರ್ಧರಿಸಿ. ಕಚ್ಚಿಸಿಕೊಂಡ ದನವನ್ನು ಸಂತೆಯಲ್ಲಿ ಮಾರಿ ಕೈತೊಳೆದುಕೊಳ್ಳುವುದು ಇನ್ನೊಬ್ಬ ಅಕ್ಕನ ಮನೆಗೆ ಸಾವು ಕಳಿಸಿದ ಹಾಗೆ.

ಕರು ಸತ್ತರೆ ಪರಿಹಾರ ನಿಮ್ಮ ಹೆಸರಿಗೇ ಬರಲಿ

ಕಾಡುಪ್ರಾಣಿ ಕೊಂದ ಜಾನುವಾರಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಉಂಟು. ಅದು ಸಿಗದೆ ಹೋಗುವುದು ಹೆಚ್ಚಾಗಿ ಮೊದಲ ಎರಡು ಗಂಟೆಯಲ್ಲಿ ನಡೆಯುವ ಗಡಿಬಿಡಿಯಿಂದ. ಊರೆಲ್ಲ ಬಂದು ನೋಡಿ ಹೆಜ್ಜೆ ಗುರುತು ಅಳಿಸುತ್ತಾರೆ, ಹಿರಿಯರು ಹೆಣ ಎಳೆದು ಹೂಳಿಸುತ್ತಾರೆ, ಆಮೇಲೆ ಸಾಕ್ಷಿ ಎಲ್ಲಿ?

ಹೆಣವನ್ನು ಅಲುಗಿಸಬೇಡಿ. ಹೆಜ್ಜೆ ಕಂಡರೆ ಅದರ ಮೇಲೆ ಬುಟ್ಟಿ ಬೋರಲು ಹಾಕಿ. ಗಾಯ, ಹೆಜ್ಜೆ, ಕಿವಿಯೋಲೆ, ಸುತ್ತಲ ಜಾಗ ನಾಲ್ಕನ್ನೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ ನಿಮ್ಮ ವಲಯ ಅರಣ್ಯಾಧಿಕಾರಿ ಕಚೇರಿಗೆ ಅಂದೇ ತಿಳಿಸಿ. ಪಶುವೈದ್ಯರು ಮರಣೋತ್ತರ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುತ್ತಾರೆ. ಕಿವಿಯಲ್ಲಿ 12 ಅಂಕಿಯ ಹಳದಿ ಓಲೆ ಇದ್ದರೆ ದನ ಯಾರದೆಂದು ವಾದವೇ ಬೇಕಿಲ್ಲ. ವಿಮೆ ಇದ್ದರೆ ವಿಮೆಗೂ ಅದೇ ಆಧಾರ. ಯಾರಾದರೂ ಹೆಣಕ್ಕೆ ವಿಷ ಹಾಕಿದ್ದರೆ ಪ್ರಮಾಣಪತ್ರದಲ್ಲಿ ಅದನ್ನೂ ಬರೆಯಲೇಬೇಕಾಗುತ್ತದೆ. ಆಗ ಅರ್ಜಿ ಹಾಕಲು ಹೋದವರೇ ಆರೋಪಿಯಾಗುತ್ತಾರೆ.

ಇನ್ನೊಂದು ಮಾತು ಒತ್ತಿ ಹೇಳುತ್ತೇನೆ. ಸಗಣಿ ಬಳಿಯುವವರು, ಹಾಲು ಹಿಂಡುವವರು, ಸಂಘದ ಸದಸ್ಯರು ನೀವು. ಆದರೆ ಅರ್ಜಿಯಲ್ಲಿ ಮಾತ್ರ ಗಂಡನ ಹೆಸರು, ಮಾವನ ಹೆಸರು. ಗಂಡಸರು ಬೆಂಗಳೂರಿಗೆ ಗುಳೆ ಹೋದ ಮನೆಗಳಲ್ಲಿ ಅವರ ಸಹಿಗಾಗಿಯೇ ಅರ್ಜಿ ಕೊಳೆಯುತ್ತದೆ. ಕಿವಿಯೋಲೆ ಹಾಕಿಸುವಾಗಲೇ ಮಾಲೀಕರ ಹೆಸರು ನಿಮ್ಮದು ಎಂದು ಬರೆಸಿ, ಬ್ಯಾಂಕ್ ಖಾತೆಯೂ ನಿಮ್ಮದೇ ಕೊಡಿ.

"ಅರಣ್ಯದವರು ತಡವಾಗಿ ಬರ್ತಾರ, ರೊಕ್ಕ ಯಾವಾಗ ಬರ್ತದೋ" ಎಂಬ ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಸಿಟ್ಟು ನ್ಯಾಯವೇ. ಆದರೆ ಆ ಸಿಟ್ಟಿನ ಅರ್ಜಿ ಸಂಘದ ಲೆಟರ್‌ಹೆಡ್ಡಿನ ಮೇಲೆ ಹೋಗಲಿ, ರಾತ್ರಿ ಗುಡ್ಡಕ್ಕೆ ಹೋಗುವುದು ಬೇಡ.

ರಾತ್ರಿ ಬಂದೇಬಿಟ್ಟರೆ

ನಾಯಿ ಬೊಗಳಿ, ದನ ಗಾಬರಿಯಾದರೆ ಒಬ್ಬರೇ ಹೊರಗೆ ಹೋಗಬೇಡಿ. ಒಳಗಿನಿಂದಲೇ ದೀಪ ಹಾಕಿ, ತಟ್ಟೆ ಬಡಿಯಿರಿ, ಕೂಗಿ ಅಕ್ಕಪಕ್ಕದವರನ್ನು ಎಬ್ಬಿಸಿ. ಪ್ರಾಣಿಗೆ ಓಡಿಹೋಗಲು ದಾರಿ ಇರಲಿ. ಎಂಥ ಪುಕ್ಕಲು ಪ್ರಾಣಿಯೂ ಮೂಲೆಗೆ ಸಿಕ್ಕರೆ ಮೇಲೆ ಬೀಳುತ್ತದೆ. ಚಿರತೆಯನ್ನು ಬಡಿಗೆ ಹಿಡಿದು ಸುತ್ತುವರಿದಾಗಲೇ ಜನರಿಗೆ ಹೆಚ್ಚು ಗಾಯವಾಗುವುದು. ಕೊಟ್ಟಿಗೆಯೊಳಗೆ ಹೊಕ್ಕಿದ್ದರೆ ಹೊರಗಿನಿಂದ ಬಾಗಿಲು ಹಾಕಿಕೊಂಡು, ಜನರನ್ನು ದೂರ ನಿಲ್ಲಿಸಿ 1926 ಅಥವಾ 112ಕ್ಕೆ ಕರೆ ಮಾಡಿ.

ಬೆಳಗಿನ ಜಾವ ಹಾಲಿನ ಕ್ಯಾನು ಹಿಡಿದು ಸಂಘಕ್ಕೆ ಹೋಗುವಾಗ ಇಬ್ಬರು ಮೂವರು ಜೊತೆಯಾಗಿ, ಬ್ಯಾಟರಿ ಹಿಡಿದು, ಮಾತಾಡುತ್ತ ನಡೆಯಿರಿ. ಮನುಷ್ಯರ ದನಿ ಕೇಳಿದರೆ ಪ್ರಾಣಿಯೇ ದಾರಿ ಬಿಡುತ್ತದೆ. ಮಕ್ಕಳನ್ನು ಕತ್ತಲಲ್ಲಿ ಬಯಲಿಗೆ ಒಂಟಿಯಾಗಿ ಕಳಿಸಬೇಡಿ. ಕುಕ್ಕರಗಾಲಲ್ಲಿ ಕುಳಿತ ಮನುಷ್ಯ ಚಿರತೆಯ ಕಣ್ಣಿಗೆ ಸಣ್ಣ ಪ್ರಾಣಿಯಂತೆ ಕಾಣುತ್ತಾನೆ.

ಸಂಘ, ಒಕ್ಕೂಟ ಏನು ಮಾಡಬೇಕು

ಇಷ್ಟೆಲ್ಲ ಹೊರೆಯನ್ನು ನಿಮ್ಮೊಬ್ಬರ ತಲೆಗೆ ಹೊರಿಸಿ ನಾವು ಸುಮ್ಮನಿರುವುದು ಸರಿಯಲ್ಲ. ಹಾಲು ಕರೆಯುವ ಯಂತ್ರಕ್ಕೆ, ಮೇವು ಕತ್ತರಿಸುವ ಯಂತ್ರಕ್ಕೆ ನೆರವು ಕೊಡುವಂತೆ ಕರುವಿನ ಗೂಡಿಗೂ ನೆರವು ಕೊಡಬೇಕು ಎನ್ನುವುದು ನನ್ನ ಸಲಹೆ. ನಾಳೆಯ ಹಾಲು ಇಂದಿನ ಕರುವಿನಲ್ಲಿದೆ. ಕರು ಉಳಿಯದಿದ್ದರೆ ಯಂತ್ರ ಯಾವ ಕೆಚ್ಚಲಿಗೆ?

ಪ್ರತಿ ಸಂಘದ ಗೋಡೆಯ ಮೇಲೆ, ಹಾಲಿನ ದರಪಟ್ಟಿಯ ಪಕ್ಕದಲ್ಲೇ 1962, 1926, 112 ಮತ್ತು ವಲಯ ಅರಣ್ಯ ಕಚೇರಿಯ ಸಂಖ್ಯೆ ಬರೆಸಬೇಕು. ಕಾಲುಬಾಯಿ ರೋಗದ ಲಸಿಕೆ ಹಾಕಲು ಬಂದ ದಿನವೇ ಊರ ಸಾಕುನಾಯಿಗಳಿಗೂ ಲಸಿಕೆ ಹಾಕಿಸಬಹುದು. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ, ಆ ದಿನವನ್ನು ಇದಕ್ಕೆ ಇಟ್ಟುಕೊಂಡರೂ ಆಯಿತು. ಸತ್ತ ದನ ಹೂಳಲು ಜಾಗ ಬೇಕೆಂದು ಗ್ರಾಮಸಭೆಯಲ್ಲಿ ಕೇಳಿ. ಒಬ್ಬ ಹೆಣ್ಣುಮಗಳು ಕೇಳಿದರೆ "ನೋಡೋಣ" ಎನ್ನುತ್ತಾರೆ, ಮಹಿಳಾ ಸಂಘದ ನಲವತ್ತು ಸದಸ್ಯರು ಕೇಳಿದರೆ ಬರೆದುಕೊಳ್ಳುತ್ತಾರೆ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆ ನಮ್ಮಲ್ಲಿದೆ. ಕರು ಹೋದ ಮೇಲೆ ಬಂದೂಕು ಹುಡುಕುವುದೂ ಅಂಥದ್ದೇ. ಈ ವಾರ ಒಂದು ಕೆಲಸ ಮಾಡಿ. ಇಂದು ಸಂಜೆ ಕರುವಿಗೆ ಹೊಟ್ಟೆ ತುಂಬ ಹಾಲು ಬಿಡಿ. ಆಮೇಲೆ ಕೊಟ್ಟಿಗೆಯ ಸುತ್ತ ಒಮ್ಮೆ ತಿರುಗಿ, ನಾಯಿ ಎಲ್ಲಿಂದ ನುಗ್ಗಬಹುದು, ಚಿರತೆ ಎಲ್ಲಿಂದ ಇಳಿಯಬಹುದು ಎಂದು ನೋಡಿ. ಕಂಡ ತೂತುಗಳನ್ನು ಬರೆದುಕೊಂಡು ಸಂಘದ ಮುಂದಿನ ಸಭೆಗೆ ತನ್ನಿ. ಮುಂದಿನದು ಕೂಡಿ ಮಾಡೋಣ.

ನಿಮ್ಮ ಪಶುವೈದ್ಯಾಧಿಕಾರಿ